ಗೆರೆಯಣ್ಣ ಸುಕ್ಕು ಹಾಕಿದ ಅಂಗಿ

ಗೆರೆಯಣ್ಣ ಇಸ್ತ್ರಿ ಹಾಕಿದ ಪ್ಯಾಂಟಿನ ಗೆರೆಯ ಮೇಲೆ ಒಮ್ಮೆ ನೊಣ ಕೂರಲು ಹೋಗಿ ಎರಡು ಹೋಳಾಯಿತಂತೆ. ಕಂಡವರಿಲ್ಲ, ಆದರೆ ಸುಳ್ಳೆಂದವರೂ ಇಲ್ಲ. ಅವನು ಗಂಜಿ ಹಾಕಿ ತೀಡಿದ ಜುಬ್ಬ ತೊಟ್ಟ ಮದುಮಗನೊಬ್ಬ ಕೂರಲಾರದೆ ನಿಂತುಕೊಂಡೇ ಊಟ ಮುಗಿಸಿದ್ದನ್ನು ಮಾತ್ರ ಇಡೀ ಬೀದಿ ಕಂಡಿದೆ. ಅಸಲು ಹೆಸರು ಏನೋ ಇತ್ತು, ಆ ಗೆರೆಗಳ ದೆಸೆಯಿಂದ ಗೆರೆಯಣ್ಣನಾದ.

ಮಹಡಿ ಮೆಟ್ಟಿಲ ಕೆಳಗಿನ ಗೂಡೇ ಅವನ ಅಂಗಡಿ. ಒಂದು ಮೇಜು, ಅದರ ಮೇಲೆ ನಾಲ್ಕು ಮಡಿಕೆ ಕಂಬಳಿ, ಇದ್ದಿಲಿನ ಇಸ್ತ್ರಿ ಪೆಟ್ಟಿಗೆ, ನೀರು ಚಿಮುಕಿಸುವ ಚೊಂಬು. ಜನ ಜಾತಕ ನೋಡುವ ಹಾಗೆ ಅವನು ಸುಕ್ಕು ನೋಡುತ್ತಿದ್ದ. ಯಾವ ಯಜಮಾನ ಮಂಚ ಬಿಟ್ಟು ಸೋಫಾದ ಮೇಲೆ ಮಲಗಿದ್ದಾನೆ, ಯಾವ ಗುಮಾಸ್ತ ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆದಿದ್ದಾನೆ, ಎಲ್ಲ ಅಂಗಿಯೇ ಹೇಳುತ್ತಿತ್ತು. ಒಂದೇ ಕೆಟ್ಟ ಚಾಳಿ: ಸುಕ್ಕು ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಹೆಂಡತಿ ಮಲಗಿದ್ದಾಗ ಅವಳು ಹೊದ್ದ ಹೊದಿಕೆಯನ್ನು ಎಳೆದು ಸರಿಮಾಡಿ ಎಷ್ಟು ಸಲ ಬೈಸಿಕೊಂಡಿದ್ದನೋ.

ಇಂಥ ಗೆರೆಯಣ್ಣ ವಯಸ್ಸಾದ ಮೇಲೆ ಇಬ್ಬರು ಬಾಲ್ಯದ ಗೆಳೆಯರ ಜೊತೆ ಹೊರದೇಶ ನೋಡಲು ಹೋದ. ಒಬ್ಬ ಲಾರಿ ಡ್ರೈವರ್, ಬಾಯಿ ಹಾರನ್ನಿನಂಥದ್ದು. ಇನ್ನೊಬ್ಬ ಪೋಸ್ಟ್‌ಮ್ಯಾನ್, ಗೆಳೆಯನೂ ಹೌದು, ಗೆರೆಯಣ್ಣನ ತಂಗಿಯ ಗಂಡನೂ ಹೌದು. ಸರ್ವೀಸಿನುದ್ದಕ್ಕೂ ಎಡಹೆಗಲಿಗೆ ಚೀಲ ಹೊತ್ತು ಅವನ ಎಡಹೆಗಲು ಇಳಿದೇ ಹೋಗಿತ್ತು. ನಿವೃತ್ತಿಯಾದ ಮೇಲೂ ಎಡಕ್ಕೆ ವಾಲಿಕೊಂಡೇ ನಡೆಯುತ್ತಿದ್ದ.

ಇಳಿದುಕೊಂಡದ್ದು ಸಮುದ್ರದ ಪಕ್ಕದ ಊರಿನಲ್ಲಿ, ಒಬ್ಬ ಅಜ್ಜಿಯ ಮನೆಯ ಮಹಡಿಯಲ್ಲಿ. ಅವಳ ಭಾಷೆ ಇವರಿಗೆ ಬಾರದು, ಇವರದು ಅವಳಿಗೆ ಬಾರದು. ಮೊದಲ ದಿನ ಅವಳು ಕೆಟ್ಟ ಮಂಡಿಯಲ್ಲಿ ಕಷ್ಟಪಟ್ಟು ಮೆಟ್ಟಿಲು ಹತ್ತಿ ಬಂದು, ಬಾಗಿಲ ಹಿಂದಿನ ಗೂಟದಲ್ಲಿ ನೇತಾಡುತ್ತಿದ್ದ ಬೂದು ಬಣ್ಣದ ಗಂಡಸರ ಅಂಗಿಯನ್ನು ತೋರಿಸಿ, ತಲೆ ಅಲ್ಲಾಡಿಸಿ, ಎರಡೂ ಕೈ ಅಡ್ಡ ಆಡಿಸಿ ಏನೋ ಹೇಳಿ ಇಳಿದುಹೋದಳು. ಅಂಗಿ ಮುದುಡಿ ಮುದ್ದೆಯಾಗಿತ್ತು.

"ಪಾಪ, ಇಸ್ತ್ರಿ ಮಾಡೋರಿಲ್ಲ, ಬೇಜಾರು ಮಾಡ್ಕೋಬೇಡಿ ಅಂತಿದಾಳೆ" ಎಂದ ಗೆರೆಯಣ್ಣ.

ಅಲ್ಲೇ ಕಪಾಟಿನಲ್ಲಿದ್ದ ಕರೆಂಟಿನ ಪೆಟ್ಟಿಗೆ ತೆಗೆದು ಅಂಗಿಯನ್ನು ಹಪ್ಪಳದ ಹಾಗೆ ಮಾಡಿ ತೂಗುಹಾಕಿದ. ಅದೇ ತಪ್ಪು. ಆದರೆ ಆಗ ಅದು ಯಾರಿಗೂ ಗೊತ್ತಾಗಲಿಲ್ಲ. ಸುತ್ತಾಡಿದರು, ತಿಂದರು, ಸಮುದ್ರದಲ್ಲಿ ಕಾಲಾಡಿಸಿದರು, ರಜೆ ಮುಗಿಯಿತು.

ಕೊನೆಯ ದಿನ ಬೆಳಿಗ್ಗೆ ತಂಗಿಯ ಫೋನು ಬಂತು.

"ಅಣ್ಣಾ, ನಮ್ಮನೆಯವರನ್ನ ಹೇಗೆ ಕರ್ಕೊಂಡು ಹೋದ್ಯೋ ಹಾಗೇ ಕರ್ಕೊಂಡು ಬಾ. ಕಡಿಮೆನೂ ಬೇಡ, ಜಾಸ್ತಿನೂ ಬೇಡ."

"ಜಾಸ್ತಿ ಎಲ್ಲಿಂದ ಬರುತ್ತಮ್ಮ? ಅವನು ಇರೋದೇ ಒಂದು ಹಿಡಿ" ಎಂದು ನಕ್ಕು ಫೋನಿಟ್ಟ.

ಮೂವರ ಬಟ್ಟೆಯನ್ನೂ ಇಸ್ತ್ರಿ ಮಾಡಿಯೇ ಸೂಟ್‌ಕೇಸಿಗೆ ತುಂಬುವುದೆಂದು ಕೂತ. ಡ್ರೈವರನ ಅಂಗಿಗಳು ಎಂದಿನಂತೆ ಹಸು ಮೆಲುಕು ಹಾಕಿದಂತಿದ್ದವು. ಪೋಸ್ಟ್‌ಮ್ಯಾನನ ಅಂಗಿ ಹರವಿದಾಗ ಕೈ ನಿಂತಿತು. ಹಿಂದಿನ ದಿನವೆಲ್ಲ ತೊಟ್ಟ ಅಂಗಿ, ಒಂದು ಸುಕ್ಕಿಲ್ಲ. ಅದರ ಹಿಂದಿನ ದಿನದ್ದೂ ಹಾಗೆಯೇ. ಒಳಗೆ ಮನುಷ್ಯನೇ ಇಲ್ಲದೆ ಹ್ಯಾಂಗರಿನ ಮೇಲೆ ಓಡಾಡಿಕೊಂಡು ಬಂದ ಹಾಗೆ.

ಗೆರೆಯಣ್ಣ ತಿರುಗಿ ಗೂಟದ ಕಡೆ ನೋಡಿದ. ತಾನು ತೀಡಿ ಹಾಕಿದ ಬೂದು ಅಂಗಿ ಸುಕ್ಕಾಗಿತ್ತು. ಎಡಹೆಗಲಿನಿಂದ ಬಲಸೊಂಟದವರೆಗೆ ಅಡ್ಡ ಗೆರೆ, ಚೀಲದ ಪಟ್ಟಿಯದು. ಹೊಟ್ಟೆಯ ಬಳಿ ಸೈಕಲ್ಲಿನ ಮೇಲೆ ಬಗ್ಗಿದ ನೆರಿಗೆ. ಊರಿನಲ್ಲಿ ಪ್ರತಿ ವಾರ ಪೋಸ್ಟ್‌ಮ್ಯಾನನ ಅಂಗಿಯಿಂದ ತಾನೇ ತೀಡಿ ತೆಗೆಯುತ್ತಿದ್ದ ಸುಕ್ಕುಗಳು, ಒಂದೂ ಬಿಡದೆ.

"ಲೋ ಭಾವ, ಆ ಅಂಗಿ ತೊಟ್ಕೊಂಡಿದ್ಯೇನೋ?"

"ಯಾವ ಅಂಗಿ?" ಎಂದ ಪೋಸ್ಟ್‌ಮ್ಯಾನ್, ಕಿಟಕಿಯಿಂದ ಕಣ್ಣು ತೆಗೆಯದೆ. ಅಂಗಿಯ ಕಾಲರಿನ ಬಲತುದಿಯನ್ನು ಬಾಯಲ್ಲಿ ಕಚ್ಚಿಕೊಂಡಿದ್ದ. ಆ ಅಭ್ಯಾಸ ಅವನಿಗೆ ಯಾವತ್ತೂ ಇರಲಿಲ್ಲ.

ಕೊನೆಯ ಸುತ್ತು ಎಂದು ಮೂವರೂ ಪೇಟೆಗೆ ಹೊರಟರು. ಬಿಸಿಲು ಚೆನ್ನಾಗಿತ್ತು. ಇಷ್ಟು ದಿನ ದಾರಿ ಕೇಳಿ ಕೇಳಿ ನಡೆದವರಲ್ಲಿ ಪೋಸ್ಟ್‌ಮ್ಯಾನ್ ಇವತ್ತು ಮುಂದೆ ನಡೆದ.

"ಈ ಕಡೆ ಬನ್ನಿ, ಹತ್ತಿರ ಆಗುತ್ತೆ. ಆ ನೀಲಿ ಬಾಗಿಲು ನೋಡಿದ್ರಾ? ಕೆಳಗೆ ಕೀಲು ಹೋಗಿದೆ. ಎಷ್ಟು ಹೇಳಿದ್ರೂ ಮಾಡಿಸಲ್ಲ."

"ಓಹೋ! ಯಾರಿಗೆ ಹೇಳಿದ್ದಪ್ಪಾ ನೀನು?" ಡ್ರೈವರ್ ನಕ್ಕ. "ಇಲ್ಲೂ ಟಪಾಲು ಹಂಚೋಕೆ ಶುರು ಮಾಡಿದ್ಯಾ?"

ಅಷ್ಟರಲ್ಲಿ ನೀಲಿ ಬಾಗಿಲು ತೆರೆಯಿತು. ಅದು ನೆಲಕ್ಕೆ ಕಿರ್ರೆಂದು ಉಜ್ಜಿತು. ಹೊರಗೆ ಬಂದ ಮುದುಕ ಪೋಸ್ಟ್‌ಮ್ಯಾನನನ್ನು ನೋಡಿ ಅಭ್ಯಾಸದಂತೆ ಕೈ ಎತ್ತಿದ. ಎತ್ತಿದ ಕೈ ಅರ್ಧಕ್ಕೇ ನಿಂತಿತು. ಮುಖ ಬಿಳಿಚಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಡ್ರೈವರನ ನಗು ನಿಂತುಹೋಯಿತು. ಗೆರೆಯಣ್ಣ ಮುಂದೆ ಹೋಗುತ್ತಿದ್ದ ಬೆನ್ನನ್ನೇ ನೋಡುತ್ತಿದ್ದ. ಭಾವ ಬಲಕ್ಕೆ ವಾಲಿ ನಡೆಯುತ್ತಿದ್ದ.

ಮನೆಗೆ ಬಂದರೆ ಅಜ್ಜಿ ಮೆಟ್ಟಿಲು ಹತ್ತುತ್ತಿದ್ದಳು, ಬೀಗದ ಕೈ ವಾಪಸು ಪಡೆಯಲು. ಒಳಗೆ ಬಂದು ಬಾಗಿಲ ಹಿಂದೆ ನೋಡಿದವಳು ಅಂಗಿಯನ್ನು ಮುಟ್ಟಿದಳು, ತಡವಿದಳು. ಗಂಟಲಿನಿಂದ ಬಂದ ಸದ್ದಿಗೆ ಯಾವ ಭಾಷೆಯೂ ಬೇಕಿರಲಿಲ್ಲ. ಕೈಸನ್ನೆಯಲ್ಲೇ ಹೇಳಿದಳು: ಗಂಡ, ಇಷ್ಟು ಎತ್ತರದವನು. ಅಂಗಿ ಬಿಚ್ಚಿ ಇಲ್ಲಿ ಹಾಕಿದ. ಮಲಗಿದ. ಏಳಲಿಲ್ಲ.

ಗೆರೆಯಣ್ಣನಿಗೆ ಮೊದಲ ದಿನದ ಸನ್ನೆಯ ಅರ್ಥ ಈಗ ಹೊಳೆಯಿತು. ಮುಟ್ಟಬೇಡಿ ಎಂದಿದ್ದಳು. ಆ ಸುಕ್ಕುಗಳಲ್ಲೇ ಅವಳ ಮನುಷ್ಯ ಇಷ್ಟು ದಿನ ಇದ್ದ. ಅವನನ್ನು ತೀಡಿ ಹೊರಗೆ ಹಾಕಿದವನು ತಾನು.

ಹಿಂದಿನಿಂದ ಪೋಸ್ಟ್‌ಮ್ಯಾನ್ ಮಾತಾಡಿದ, ಅಜ್ಜಿಯ ಭಾಷೆಯಲ್ಲಿ, ಸಲೀಸಾಗಿ, ಊಟಕ್ಕೆ ಏನಿದೆ ಎಂದು ಹೆಂಡತಿಯನ್ನು ಕೇಳುವ ಗಂಡನ ದನಿಯಲ್ಲಿ. ಅಜ್ಜಿ ಒಂದು ಹೆಜ್ಜೆ ಅವನ ಕಡೆ ಇಟ್ಟಳು, ಮತ್ತೆ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದಳು.

ಪೋಸ್ಟ್‌ಮ್ಯಾನ್ ಕುರ್ಚಿಯಲ್ಲಿ ಕೂತು ಗೆಳೆಯರಿಗೆ ಹೇಳಿದ: "ನೀವು ಹೊರಡಿ. ನಾನು ಇಲ್ಲೇ ಇರ್ತೀನಿ."

"ಲೋ, ನಿನ್ನ ಹೆಂಡತಿ ನನ್ನ ಚರ್ಮ ಸುಲೀತಾಳೆ, ಏಳೋ!" ಡ್ರೈವರ್ ತೋಳು ಹಿಡಿದು ಎಳೆದ. ಲಾರಿ ಟಯರು ಒಬ್ಬನೇ ಎತ್ತುವ ಆಳು, ಒಂದು ಹಿಡಿ ಮನುಷ್ಯನನ್ನು ಅಲ್ಲಾಡಿಸಲಾಗಲಿಲ್ಲ.

"ಯಾವ ಹೆಂಡತಿ?" ಎಂದ ಪೋಸ್ಟ್‌ಮ್ಯಾನ್.

ಕೆಳಗೆ ಟ್ಯಾಕ್ಸಿ ಹಾರನ್ ಹಾಕಿತು. ತಂಗಿಗೆ ಏನು ಹೇಳುವುದು? ಗೆರೆಯಣ್ಣ ಪೆಟ್ಟಿಗೆಯ ಪ್ಲಗ್ ಚುಚ್ಚಿದ.

ಕಾಯಿಸುವುದು ಗೊತ್ತು, ಆದರೆ ಮಾಡಬೇಕಾದದ್ದು ಜೀವಮಾನದಲ್ಲಿ ಮಾಡದ ಕೆಲಸ. ಭಾವನ ಅಂಗಿಯೊಂದನ್ನು ಒದ್ದೆ ಮಾಡಿ ಹಾಸಿದ, ಬೂದು ಅಂಗಿಯನ್ನು ಅದರ ಮೇಲೆ ಹರವಿದ. ಮೇಲಿನ ಬಟ್ಟೆಯ ಮಡಿಕೆ ಕೆಳಗಿನದಕ್ಕೆ ಅಚ್ಚಾಗುತ್ತದೆ. ಎಳಸು ಇಸ್ತ್ರಿಯವರು ಬೈಸಿಕೊಳ್ಳುವುದೇ ಅದಕ್ಕೆ. ಹೆಗಲ ಗೆರೆ, ಹೊಟ್ಟೆಯ ನೆರಿಗೆಗಳ ಮೇಲೆ ಭಾರ ಹಾಕಿ ಒತ್ತಿ ಭಾವನ ಸುಕ್ಕನ್ನೆಲ್ಲ ಅವನ ಅಂಗಿಗೆ ಇಳಿಸಿದ. ಆಮೇಲೆ ಕಣ್ಣು ಮುಚ್ಚಿ ಬೂದು ಅಂಗಿಯಲ್ಲಿ ಮೊದಲ ದಿನ ಕಂಡ ಸುಕ್ಕುಗಳನ್ನು ಬೆರಳಿನಲ್ಲಿ ನೆನೆದ. ಬಲಮೊಣಕೈಯಲ್ಲಿ ಆಳವಾದ ಮಡಿಕೆ. ಒತ್ತಿದ. ಸುರುಳಿ ತಿರುಗಿದ ಕಾಲರಿನ ತುದಿ. ಒತ್ತಿದ. ಬೆನ್ನಿನಲ್ಲಿ ಕುರ್ಚಿಗೆ ಒರಗಿದ ನೆರಿಗೆ, ಬಲಕ್ಕೆ ಎಳೆದಂತೆ. ಒತ್ತಿದ. ಹಬೆಯಲ್ಲಿ ಯಾರದೋ ಮೈಯ ವಾಸನೆ ಎದ್ದಿತು. ಇಡೀ ಜೀವಮಾನ ಸುಕ್ಕು ತೆಗೆದವನು ಬೆವರು ಸುರಿಸಿ ಸುಕ್ಕು ಹಾಕುತ್ತಿದ್ದ.

ಎಡತೋಳಿನ ಕಫ್ ಒಂದು ಉಳಿಯಿತು. ಎರಡು ಮಡಿಕೆಯೋ, ಮೂರೋ? ನೆನಪಾಗಲಿಲ್ಲ. ಮತ್ತೆ ಹಾರನ್. ಎರಡೆಂದುಕೊಂಡು ಮಡಚಿ ಒತ್ತಿ, ಅಂಗಿಯನ್ನು ಗೂಟಕ್ಕೆ ಹಾಕಿದ. ಗಾಳಿಯಿಲ್ಲದೆ ಅದು ಒಮ್ಮೆ ತೂಗಿತು, ಯಾರೋ ಒಳಗೆ ತೋಳು ತೂರಿಸಿದ ಹಾಗೆ.

ಪೋಸ್ಟ್‌ಮ್ಯಾನ್ ದೊಡ್ಡದಾಗಿ ಸೀನಿದ.

"ನನ್ನ ಬ್ಯಾಗ್ ಎಲ್ಲ್ರೋ? ಟ್ಯಾಕ್ಸಿಯವನು ಅಷ್ಟು ಹೊತ್ತಿಂದ ಬಡ್ಕೋತಿದಾನೆ, ನೀವಿಬ್ಬರೂ ಹೆಣ ಕಂಡೋರ ಹಾಗೆ ನಿಂತಿದ್ದೀರಲ್ಲ!"

ಎದ್ದು ಎಡಕ್ಕೆ ವಾಲಿ ಮೆಟ್ಟಿಲಿಳಿದ. ಡ್ರೈವರ್ ಅವನ ಹಿಂದೆಯೇ ಇಳಿದ, ಒಂದು ಮಾತಿಲ್ಲದೆ. ಅವನ ಆಯುಷ್ಯದಲ್ಲೇ ಅದು ಮೊದಲು.

ಅಜ್ಜಿ ಅಂಗಿಯ ಸುಕ್ಕುಗಳನ್ನು ಒಂದೊಂದಾಗಿ ಬೆರಳಿನಿಂದ ಓದುತ್ತಿದ್ದಳು. ಮೊಣಕೈಗೆ ತಲೆದೂಗಿದಳು, ಕಾಲರಿಗೆ ಕಣ್ಣೊರೆಸಿಕೊಂಡಳು. ಎಡ ಕಫ್ಫಿನ ಬಳಿ ಬೆರಳು ನಿಂತಿತು. ಗೆರೆಯಣ್ಣನನ್ನು ನೋಡಿದಳು. ಅವನು ಕೈ ಮುಗಿದು ಇಳಿದುಬಂದ.

ಊರಿಗೆ ಬಂದ ಮೇಲೆ ಪೋಸ್ಟ್‌ಮ್ಯಾನ್ ಮೊದಲಿನ ಹಾಗೆಯೇ ಇದ್ದ. ಉಪ್ಪು ಕಡಿಮೆ ಎಂದು ಜಗಳವಾಡಿದ, ಎಡಕ್ಕೆ ವಾಲಿದ, ಅಂಗಿಗಳನ್ನು ಸುಕ್ಕು ಮಾಡಿದ. ತಂಗಿ ಬಟ್ಟೆಯ ಗಂಟು ತಂದು ಅಂಗಡಿ ಮೇಜಿನ ಮೇಲೆ ಹಾಕಿದಳು.

"ಎಲ್ಲಾ ಸರಿ ಅಣ್ಣಾ, ಒಂದೇ ಹೊಸದು. ಸಂಜೆ ಆದ್ರೆ ಎಡಗೈ ಕಫ್ ಮಡಚ್ಕೊಂಡು ಬಾಗಿಲಲ್ಲಿ ನಿಂತ್ಕೋತಾರೆ. ಮೆಟ್ಟಿಲು ಕಡೆ ನೋಡ್ತಾ, ಯಾರೋ ನಿಧಾನಕ್ಕೆ ಹತ್ಕೊಂಡು ಬರ್ತಿರೋ ಹಾಗೆ. ನಮ್ಮದು ನೆಲಮಹಡಿ ಮನೆ, ಎರಡೇ ಮೆಟ್ಟಿಲು. ಯಾರನ್ನ ಕಾಯ್ತಾರೆ?"

"ಎಷ್ಟು ಮಡಿಕೆ ಮಡಚ್ತಾನೆ?"

"ಒಂದೇ. ಯಾಕೆ?"

ಹಾಗಾದರೆ ಮೂರು, ಎರಡು ಅಲ್ಲಿ, ಒಂದು ಇಲ್ಲಿ ಎಂದು ಲೆಕ್ಕ ಹಾಕುತ್ತ ಗೆರೆಯಣ್ಣ ಅಂಗಿ ಹರವಿ ನೀರು ಚಿಮುಕಿಸಿದ. ಬೆನ್ನು ತೀಡಿದ, ಹೆಗಲು ತೀಡಿದ, ಬಲತೋಳು ತೀಡಿದ. ಎಡಗೈ ಕಫ್ಫಿನ ಹತ್ತಿರ ಬಂದಾಗ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟ. ಇವತ್ತಿಗೂ ಭಾವನ ಅಂಗಿಯಲ್ಲಿ ಆ ನಾಲ್ಕು ಬೆರಳಗಲಕ್ಕೆ ಅವನು ಇಸ್ತ್ರಿ ಮುಟ್ಟಿಸುವುದಿಲ್ಲ.