ಪೇಢಾ ಹಂಚಿದೆ, ಪಾದಯಾತ್ರೆ ತಪ್ಪಿತು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಹುಮನಾಬಾದಿನ ಆಸ್ಪತ್ರೆಯಿಂದ ಮಗ ಫೋನ್ ಮಾಡಿದಾಗ ನಾನು ಬಸವಕಲ್ಯಾಣದಲ್ಲಿ ಬಸ್ಸಿಳಿಯುತ್ತಿದ್ದೆ. ಸೊಸೆಯ ಹೆರಿಗೆ ಸುಸೂತ್ರವಾಗಲೆಂದು ತುಳಜಾಪುರದ ತಾಯಿಗೆ ನಡೆದು ಬರುವ ಹರಕೆ ಹೊತ್ತಿದ್ದೆ. ದಿನ ತುಂಬಲು ಇನ್ನೂ ಎರಡು ವಾರ ಇತ್ತು. ಕೂಸಿಗೂ ಅಜ್ಜನ ಹಾಗೆಯೇ ಅವಸರ.

ಪೇಢಾ ಕಟ್ಟಿಸಿಕೊಂಡು, ತಂಡ ಕೂಡುವ ಗುಡಿಗೆ ಓಡಿದೆ. ಪಾದಯಾತ್ರೆಯವರೆಲ್ಲ ಹೊರಡಲು ಬರಿಗಾಲಲ್ಲಿ ನಿಂತಿದ್ದರು. ಗುರುತಿದ್ದವರಿಗೂ ಇಲ್ಲದವರಿಗೂ ಸುದ್ದಿ ಹೇಳಿ ಪೇಢಾ ತಿನ್ನಿಸಿದೆ. ನಮ್ಮ ತಂಡದ ಮುಂದಾಳು ಮಾರುತಿ ಎರಡು ತಿಂದು, ಆಮೇಲೆ ಹಣೆ ಬಡಿದುಕೊಂಡ.

“ಕಾಕಾ, ಮಗಗ ಕೂಸು ಹುಟ್ಟಿದ್ರ ನಿಮಗೂ ಪುರುಡು ಬಂತಲ್ರಿ! ಅದು ಕಳಿಯೂತನಾ ದೇವರ ಕಡಿ ಹ್ಯಾಂಗ ಬರ್ತೀರಿ? ಒಂದೀಟು ಬಾಯಿ ಮುಚ್ಕೊಂಡಿದ್ರ ಇಷ್ಟೊತ್ತಿಗೆ ದಾರಿ ಹಿಡೀತಿದ್ರಿ.”

“ಮುಚ್ಚಾಕ ಆಗಲಿಲ್ಲೋ ತಮ್ಮಾ,” ಎಂದೆ.

“ಹರಕಿ ಎಲ್ಲೂ ಓಡಿ ಹೋಗೂದಿಲ್ಲ. ಮುಂದಿನ ವರ್ಷ ಮೊಮ್ಮಗಳನ್ನ ಹೊತ್ಕೊಂಡು ಬರ್ರಿ,” ಎಂದು ನಕ್ಕು, ಇನ್ನೊಂದು ಪೇಢಾ ಕಸಿದುಕೊಂಡು ಹೊರಟ. ಅವರು ಮೂಲೆ ತಿರುಗುವವರೆಗೂ ನೋಡಿದೆ. ಕಣ್ಣು ಒದ್ದೆಯಾದವು, ಆದರೆ ನಗು ಮಾತ್ರ ನಿಲ್ಲಲಿಲ್ಲ.

ಹುಮನಾಬಾದಿನ ಬಸ್ ಹತ್ತಿ ತಿರುಗಿ ಬಂದೆ. ಆಸ್ಪತ್ರೆಯ ಬಾಗಿಲಲ್ಲೇ ನಿಂತಿದ್ದ ನನ್ನ ಹೆಂಡತಿ ನನ್ನ ಬರಿಗಾಲು ನೋಡಿ, “ತುಳಜಾಪುರ ಇಷ್ಟು ಸಮೀಪ ಐತೇನ್ರಿ?” ಎಂದಳು.

ಆ ಸಂಜೆ ಸೊಸೆಯ ಮಂಚದ ಸುತ್ತ ಮನೆಮಂದಿಯೆಲ್ಲ ಕೂತು, ನನ್ನ ದಾರಿಗೆಂದು ಕಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಚಟ್ನಿಯ ಗಂಟು ಬಿಚ್ಚಿದೆವು. ಕೂಸು ನನ್ನ ತೊಡೆಯ ಮೇಲಿತ್ತು. ತುಳಜಾಪುರದವರೆಗೂ ಬರಬೇಕಿದ್ದ ಬುತ್ತಿ ಒಂದೇ ಊಟಕ್ಕೆ ಖಾಲಿಯಾಯಿತು.