ಖಾಲಿ ಬಿಟ್ಟರೆ ಮಾಯವಾಗುವ ಸಾಲು

ಆಗಷ್ಟೇ ಬಂದಿದ್ದ ಅಂತರ್ಜಾಲದ ವಿಶ್ವಕೋಶದಲ್ಲಿ ಯಾರು ಬೇಕಾದರೂ ಬರೆಯಬಹುದಿತ್ತು. ಚೆನ್ನೈನ ವಿಮಾ ಕಚೇರಿಯಿಂದ ಮನೆಗೆ ಬಂದವನೇ ನಾನು ಸರ್ಕಾರಿ ಆಸ್ಪತ್ರೆಗಳ ಪುಟಗಳಿಗೆಲ್ಲ ಒಂದೇ ನಮೂನೆಯ ಮಾಹಿತಿ ಚೌಕ ಮಾಡುತ್ತ ಕೂರುತ್ತಿದ್ದೆ: ಹೆಸರು, ಊರು, ಶುರುವಾದ ವರ್ಷ, ಹಾಸಿಗೆ ಎಷ್ಟು. ಪುರಸೈವಾಕ್ಕಂನ ಪುಟ್ಟ ದವಾಖಾನೆಯಲ್ಲಿ ಇದ್ದದ್ದು ಬರೀ ಒಂದು ಬೆಂಚು. ಸೊನ್ನೆ ಅಂತ ಬರೆದರೆ ಅದಕ್ಕೆ ಅವಮಾನವಲ್ಲವೇ? ತಲೆ ಕೆಡಿಸಿಕೊಂಡು, ಖಾಲಿ ಬಿಟ್ಟ ಸಾಲು ತಾನಾಗಿಯೇ ಮಾಯವಾಗುವಂತೆ ಮಾಡಿ ಬೀಗಿದೆ.

ಹೆಂಡತಿ ಇಣುಕಿ ನೋಡಿದಳು. “ಎಲ್ಲಾ ಸರಿ ರೀ, ಡಾಕ್ಟ್ರು ಎಷ್ಟು ಮಣಿಗೆ ಬರ್ತಾರೆ? ಅದೆಲ್ಲಿ?”

ಹೌದಲ್ಲ! ಡಾಕ್ಟರು ಬರುವ ಸಮಯಕ್ಕೂ ಒಂದು ಸಾಲು ಸೇರಿಸಿ, ಶನಿವಾರಗಳಂದು ದವಾಖಾನೆಗಳಿಗೆ ಅಲೆದು ವಿಚಾರಿಸಿದೆ. ಎಲ್ಲ ಕಡೆಯೂ ಒಂದೇ ಉತ್ತರ: “ವರುವಾರು ಸಾರ್, ಉಕ್ಕಾರುಂಗ.” ಬರುತ್ತಾರೆ, ಕೂತಿರಿ.

ಆ ಸಾಲು ಎಲ್ಲ ಪುಟಗಳಿಂದಲೂ ತಾನಾಗಿಯೇ ಮಾಯವಾಯಿತು.