ಜೋಡಿ ಸಿಗದ ಮೂರು ಬಂಗಡೆ

ಪ್ರೀತಿಯ ತಂಗಿಗೂ ಅವಳ ಮಕ್ಕಳಿಗೂ,

ಇವತ್ತು ಕಾರವಾರದ ಪೇಟೆಯಿಂದ ತಂದ ಬಂಗಡೆ ತೊಳೆಯುತ್ತಿದ್ದಾಗ ಮೊಮ್ಮಗಳು ಲೆಕ್ಕದ ಪುಸ್ತಕ ಹಿಡಿದು ಬಂದಳು. ‘ಸೀತೆಗೆ ಒಂಬತ್ತು ಮಾವು, ಗೀತೆಗೆ ಆರು. ಸೀತೆಗೆ ಎಷ್ಟು ಹೆಚ್ಚು?’ ಹದಿನೈದು ಎಂದು ಬರೆದಿದ್ದಳು. ಕೈಯಲ್ಲಿ ಮೀನಿನ ವಾಸನೆ, ಎದುರಿಗೆ ಆ ಹದಿನೈದು. ಹಳೆಯ ಸಿಟ್ಟು ಎದ್ದು ಕೂತಿತು.

ನಮ್ಮೂರ ಶಾಲೆಯಲ್ಲಿ ನಾನೂ ಹೀಗೇ ಕೂಡಿಸಿದ್ದೆ. ಮಾಸ್ತರರು ಬೆಂಚಿನ ಮೇಲೆ ನಿಲ್ಲಿಸಿ, “ಮೀನು ಮಾರೋಳ ಮಗಳಿಗೆ ಲೆಕ್ಕ ಎಂತಕ್ಕೆ?” ಎಂದು ಮಕ್ಕಳನ್ನೆಲ್ಲ ನಗಿಸಿದರು. ಹೇಗೆ ಮಾಡಬೇಕೆಂದು ಮಾತ್ರ ಹೇಳಿಕೊಡಲಿಲ್ಲ.

ಸಂಜೆ ಆಯಿ, ನಮ್ಮಮ್ಮ, ಬುಟ್ಟಿಯ ಬಂಗಡೆಗಳನ್ನು ಎರಡು ಸಾಲಾಗಿ, ಮೂತಿಗೆ ಮೂತಿ ತಾಗಿಸಿ ಇಟ್ಟಳು. “ಜೋಡಿ ಸಿಗದೆ ಉಳ್ದದ್ದು ನೋಡು ಮಗಾ, ಅದೇ ಹೆಚ್ಚು.”

ಮಾಸ್ತರರು ಮೀನು ಕೊಳ್ಳಲು ಬರುವ ಭಾನುವಾರಕ್ಕೆ ನಾನು ಕಾದೆ. ಅವರು ಮೀನು ಪೇಟೆಗೆ ಬಂದು ಆಯಿಯ ರಾಶಿ ನೋಡಿ, “ಆಚೆಯವಳ ರಾಶೀಲೇ ಹೆಚ್ಚುಂಟು” ಎಂದು ಮೂಗು ಮುರಿದರು. ಆಚೆ ಕೂತು ಮಾರುತ್ತಿದ್ದವಳನ್ನು ಕೇಳಿ ಎರಡೂ ರಾಶಿಯನ್ನು ಮೂತಿಗೆ ಮೂತಿ ಜೋಡಿಸಿದೆ. ನಮ್ಮ ಸಾಲಿನಲ್ಲಿ ಮೂರು ಮೀನು ಒಂಟಿಯಾಗಿ ಉಳಿದವು.

“ಯಾರದ್ದು ಎಷ್ಟು ಹೆಚ್ಚು ಮಾಸ್ತರ್ರೇ? ಎಲ್ಲರಿಗೂ ಕೇಳೋ ಹಾಗೆ ಹೇಳಿ.”

“ನಿಮ್ದು... ಮೂರು.”

ಪೇಟೆಯೆಲ್ಲ ನಕ್ಕಿತು. ಆಯಿ ನನ್ನ ತೊಡೆ ಚಿವುಟಿದಳು, ಸೆರಗಿನೊಳಗೆ ಅವಳೂ ನಗುತ್ತಿದ್ದಳು. ಆ ನಗು ಇಂದಿಗೂ ನನಗೆ ಸಿಹಿ. ಮಾಸ್ತರರನ್ನು ಕ್ಷಮಿಸುವ ಮನಸ್ಸು ಈಗಲೂ ಇಲ್ಲ.

ಮೊಮ್ಮಗಳು ಒಂಬತ್ತಕ್ಕೆ ಆರು ಬಂಗಡೆ ಜೋಡಿಸಿ, ಮೂರು ಎಂದು ತಿದ್ದಿದಳು. “ಅಜ್ಜಿ, ಇದನ್ನ ನಿಂಗೆ ಮಾಸ್ತರ್ರು ಕಲ್ಸಿದ್ರಾ?”

“ಇಲ್ಲ ಮಗಾ, ನಾನು ಅವರಿಗೆ ಕಲ್ಸಿದ್ದು.”